ಬುರುಡೆ ತೆರೆಯದೆ ಮಿದುಳನ್ನು ಮುಟ್ಟುವ ಧ್ವನಿ

ಮನುಷ್ಯನ ಕಿವಿಗೆ ಕೇಳಿಸುವ ಧ್ವನಿಯ ಆವರ್ತನ ಸೆಕೆಂಡಿಗೆ ಸುಮಾರು 20 ಕಂಪನಗಳಿಂದ 20,000 ಕಂಪನಗಳವರೆಗೆ ಇರುತ್ತದೆ. ಅದನ್ನು ಮೀರಿದ ಆವರ್ತನದ ಧ್ವನಿಯನ್ನು ಶ್ರವಣಾತೀತ ಧ್ವನಿ ಎಂದೂ ವೈದ್ಯಕೀಯ ಬಳಕೆಯಲ್ಲಿ ಅಲ್ಟ್ರಾಸೌಂಡ್ ಎಂದೂ ಕರೆಯುತ್ತಾರೆ. ಯಾದಗಿರಿ, ಶಹಾಪುರ, ಸುರಪುರದ ಪೇಟೆಗಳಲ್ಲಿ ‘ಸ್ಕ್ಯಾನಿಂಗ್’ ಎಂಬ ಹೆಸರಿನಿಂದ ಎಲ್ಲರಿಗೂ ಪರಿಚಿತವಾಗಿರುವುದು ಈ ಧ್ವನಿಯ ಒಂದು ಉಪಯೋಗ ಮಾತ್ರ, ಅಂದರೆ ದೇಹದೊಳಗೆ ಹೊಕ್ಕು ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರ ಕಟ್ಟುವ ಕೆಲಸ. ಅದೇ ಧ್ವನಿಯನ್ನು ಚಿತ್ರಕ್ಕಾಗಿ ಅಲ್ಲದೆ ಅಂಗಾಂಶದಲ್ಲಿ ಒಂದು ಬದಲಾವಣೆ ಉಂಟುಮಾಡುವ ಉದ್ದೇಶದಿಂದ ಹಾಯಿಸಿದಾಗ ಅದು ಚಿಕಿತ್ಸಕ ಅಲ್ಟ್ರಾಸೌಂಡ್ ಎನಿಸಿಕೊಳ್ಳುತ್ತದೆ. ಮೊಣಕಾಲಿನ ಮತ್ತು ಭುಜದ ನೋವಿಗೆ ಫಿಸಿಯೊಥೆರಪಿ ಕೇಂದ್ರಗಳಲ್ಲಿ ಜೆಲ್ ಹಚ್ಚಿ ಉಜ್ಜುವ ಸಣ್ಣ ಉಪಕರಣ ಅದರ ಸರಳ ರೂಪ.

ಕಳೆದ ಎರಡು ದಶಕಗಳಲ್ಲಿ ಈ ಚಿಕಿತ್ಸಕ ಧ್ವನಿಯನ್ನು ಮಿದುಳಿನ ಕಡೆಗೆ ತಿರುಗಿಸುವ ಸಂಶೋಧನೆ ಬಿರುಸಾಗಿ ನಡೆದಿದ್ದು, ತಲೆಬುರುಡೆಯನ್ನು ತೆರೆಯದೆ, ಮಿದುಳಿನ ಆಳದಲ್ಲಿರುವ ಕೆಲವೇ ಮಿಲಿಮೀಟರ್ ಗಾತ್ರದ ಒಂದು ಭಾಗದ ನರಕೋಶಗಳನ್ನು ಚುರುಕುಗೊಳಿಸುವುದು ಇಲ್ಲವೆ ಸ್ವಲ್ಪ ಹೊತ್ತು ತಣ್ಣಗಿರಿಸುವುದು ಅದರ ಗುರಿಯಾಗಿದೆ. ಈ ಕ್ಷೇತ್ರವೂ ಎಳೆಯದು, ಇದರಲ್ಲಿ ದುಡಿಯುವವರಲ್ಲಿ ಬಹುಪಾಲು ಮಂದಿಯೂ ಎಳೆಯರು: ಪಿಎಚ್‌ಡಿ ವಿದ್ಯಾರ್ಥಿಗಳು, ಪದವಿ ಮುಗಿಸಿ ಎರಡು ಮೂರು ವರ್ಷಗಳ ತಾತ್ಕಾಲಿಕ ಹುದ್ದೆಗಳಲ್ಲಿರುವವರು, ಮೊದಲ ಪ್ರಯೋಗಾಲಯ ಕಟ್ಟಿಕೊಳ್ಳುತ್ತಿರುವ ಅಧ್ಯಾಪಕರು. ಧ್ವನಿಯಿಂದ ನರಕೋಶವನ್ನು ಮಿಡಿಸಬಹುದು ಎಂದು ತೋರಿಸುವುದು ಇವರಿಗೆ ಅಷ್ಟೇನೂ ಕಷ್ಟವಾಗಿಲ್ಲ. ಮಿಡಿಸಿದ್ದು ಧ್ವನಿಯೇ, ಬೇರೆ ಯಾವುದೂ ಅಲ್ಲ ಎಂದು ಸಿದ್ಧಪಡಿಸುವುದು ಮಾತ್ರ ಬಹಳ ಕಷ್ಟವಾಗಿದೆ, ಮತ್ತು ಈ ವಿದ್ಯೆಯ ನಿಜವಾದ ತೂಕ ಇರುವುದು ಆ ಎರಡನೆಯ ಕೆಲಸದಲ್ಲಿ.

ಶ್ರವಣಾತೀತ ಧ್ವನಿಯ ಅಧ್ಯಯನಕ್ಕೆ ಕರ್ನಾಟಕದಲ್ಲಿ ತೊಂಬತ್ತು ವರ್ಷಗಳ ಹಿನ್ನೆಲೆಯಿದೆ. 1932ರಲ್ಲಿ ಅಮೆರಿಕದಲ್ಲಿ ಡಿಬೈ ಮತ್ತು ಸಿಯರ್ಸ್, ಫ್ರಾನ್ಸಿನಲ್ಲಿ ಲ್ಯೂಕಾ ಮತ್ತು ಬಿಕಾರ್ ಎಂಬ ವಿಜ್ಞಾನಿಗಳು, ದ್ರವದೊಳಗೆ ಹಾಯುತ್ತಿರುವ ಶ್ರವಣಾತೀತ ಧ್ವನಿಗೆ ಅಡ್ಡಲಾಗಿ ಬೆಳಕು ಬಿಟ್ಟರೆ ಆ ಬೆಳಕು ಹಲವು ಕಿರಣಗಳಾಗಿ ಒಡೆಯುತ್ತದೆ ಎಂಬುದನ್ನು ಕಂಡಿದ್ದರು. ಅದು ಏಕೆ ಹಾಗೆ ಒಡೆಯುತ್ತದೆ, ಯಾವ ಕಿರಣಕ್ಕೆ ಎಷ್ಟು ಬೆಳಕು ಹೋಗುತ್ತದೆ ಎಂಬುದರ ಗಣಿತವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್ 1935 ಮತ್ತು 1936ರಲ್ಲಿ ಐದು ಭಾಗಗಳ ಪ್ರಬಂಧಮಾಲೆಯಲ್ಲಿ ಬಿಡಿಸಿಟ್ಟರು. ಆಗ ರಾಮನ್ ನೊಬೆಲ್ ಪಡೆದು ಐದು ವರ್ಷವಾಗಿತ್ತು, ನಾಗೇಂದ್ರನಾಥ್ ಇನ್ನೂ ವೃತ್ತಿಯ ಹೊಸ್ತಿಲಲ್ಲಿದ್ದ ತರುಣರು. ಆದರೂ ಆ ವಿದ್ಯಮಾನಕ್ಕೆ ಜಗತ್ತಿನ ಪಠ್ಯಪುಸ್ತಕಗಳಲ್ಲಿ ಉಳಿದಿರುವುದು ‘ರಾಮನ್–ನಾಥ್’ ಎಂಬ ಜೋಡಿ ಹೆಸರು. ಹೆಸರಾಂತ ಹಿರಿಯರ ಪಕ್ಕದಲ್ಲಿ ಕಿರಿಯರ ಹೆಸರು ಅಷ್ಟೇ ದೊಡ್ಡದಾಗಿ ಉಳಿಯುವುದು ವಿಜ್ಞಾನದಲ್ಲಿ ದಿನವೂ ನಡೆಯುವ ಸಂಗತಿಯಲ್ಲ. ಕಣ್ಣಿಗೆ ಕಾಣದ, ಕಿವಿಗೆ ಕೇಳದ ಧ್ವನಿಕಿರಣವನ್ನು ನೀರಿನ ತೊಟ್ಟಿಯಲ್ಲಿ ಬೆಳಕಿನ ಮೂಲಕ ಕಾಣುವ ವಿಧಾನಗಳ ಹಿಂದೆ ಇರುವುದು ಧ್ವನಿ ಬೆಳಕುಗಳ ಇದೇ ಸಂಬಂಧ.

ಧ್ವನಿಗೂ ನರಕ್ಕೂ ಇರುವ ಸಂಬಂಧ ಇದಕ್ಕಿಂತ ಕೊಂಚ ಮೊದಲೇ ಗಮನಕ್ಕೆ ಬಂದಿತ್ತು. 1880ರಲ್ಲಿ ಕ್ಯೂರಿ ಸಹೋದರರು ಕೆಲವು ಸ್ಫಟಿಕಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ತೋರಿಸಿದ್ದರು. ಇದರ ತಿರುವುಮುರುವಾಗಿ, ಸ್ಫಟಿಕಕ್ಕೆ ವಿದ್ಯುತ್ ಕೊಟ್ಟರೆ ಅದು ಅದುರಿ ಧ್ವನಿ ಹೊರಡಿಸುತ್ತದೆ. ವಿದ್ಯುತ್ತನ್ನು ಧ್ವನಿಯಾಗಿ ಬದಲಿಸುವ ಈ ಸಾಧನವೇ ಟ್ರಾನ್ಸ್‌ಡ್ಯೂಸರ್, ಸ್ಕ್ಯಾನಿಂಗ್ ವೈದ್ಯರು ಹೊಟ್ಟೆಯ ಮೇಲೆ ಆಡಿಸುವ ಹಿಡಿಕೆಯ ತುದಿಯಲ್ಲಿರುವುದೂ ಅದೇ. 1929ರಲ್ಲಿ ಅಮೆರಿಕದ ನ್ಯೂಟನ್ ಹಾರ್ವಿ ತೀವ್ರ ಆವರ್ತನದ ಧ್ವನಿ ಹೃದಯದ ಸ್ನಾಯುವನ್ನೂ ಇತರ ಉದ್ರೇಕಶೀಲ ಅಂಗಾಂಶಗಳನ್ನೂ ಕೆರಳಿಸಬಲ್ಲದು ಎಂದು ಪ್ರಕಟಿಸಿದರು. 1958ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ಫ್ರೈ ಮತ್ತು ಸಂಗಡಿಗರು ಬೆಕ್ಕಿನ ಮಿದುಳಿನಲ್ಲಿ ಕಣ್ಣಿನಿಂದ ಬರುವ ಸಂದೇಶ ಒಮ್ಮೆ ತಂಗಿ ಮುಂದೆ ಹೋಗುವ ಕೇಂದ್ರದ ಮೇಲೆ ಧ್ವನಿಯನ್ನು ಒಟ್ಟುಗೂಡಿಸಿದರು. ಬೆಳಕು ಮಿಂಚಿಸಿದಾಗ ಮಿದುಳಿನ ದೃಷ್ಟಿಭಾಗದಲ್ಲಿ ಏಳಬೇಕಿದ್ದ ವಿದ್ಯುತ್ ಅಲೆ ಕುಗ್ಗಿತು, ಧ್ವನಿ ನಿಲ್ಲಿಸಿದ ಮೇಲೆ ಮರಳಿ ಎದ್ದಿತು. ಅಂಗಾಂಶವನ್ನು ಸುಡದೆ ಅದರ ಕೆಲಸವನ್ನು ಮಾತ್ರ ತಾತ್ಕಾಲಿಕವಾಗಿ ತಡೆಯಬಹುದು ಎಂಬುದಕ್ಕೆ ಇದು ಮೊದಲ ಗಟ್ಟಿ ಸಾಕ್ಷಿ. ಆದರೆ ಆ ಬೆಕ್ಕುಗಳ ಬುರುಡೆಯ ಎಲುಬನ್ನು ಮೊದಲೇ ತೆಗೆದಿಡಲಾಗಿತ್ತು, ಮತ್ತು ಮುಂದಿನ ಅರ್ಧ ಶತಮಾನದ ತೊಡಕೆಲ್ಲ ಅಲ್ಲಿಯೇ ಇತ್ತು.

ಎಲುಬು ಧ್ವನಿಗೆ ಒಳ್ಳೆಯ ದಾರಿಯಲ್ಲ. ಮೃದು ಅಂಗಾಂಶದಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಸಾಗಿದರೆ ಗಟ್ಟಿ ಎಲುಬಿನಲ್ಲಿ ಅದರ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬುರುಡೆಯ ದಪ್ಪ ಒಂದೊಂದು ಕಡೆ ಒಂದೊಂದು ತೆರನಾಗಿರುವುದರಿಂದ ಅಲೆಗಳು ಹಿಂದುಮುಂದಾಗಿ ಚದುರುತ್ತವೆ, ಒಂದಷ್ಟು ಶಕ್ತಿ ಎಲುಬಿನಲ್ಲಿಯೇ ಇಂಗಿ ಶಾಖವಾಗುತ್ತದೆ. ಭೂತಗನ್ನಡಿ ಬಿಸಿಲನ್ನು ಒಂದೇ ಚುಕ್ಕೆಗೆ ಕೂಡಿಸುವಂತೆ ಬಾಗಿದ ಟ್ರಾನ್ಸ್‌ಡ್ಯೂಸರ್ ಧ್ವನಿಯನ್ನು ಒಂದು ಚುಕ್ಕೆಗೆ ಕೂಡಿಸಬಲ್ಲದಾದರೂ ನಡುವೆ ಬುರುಡೆ ಬಂದಾಗ ಆ ಚುಕ್ಕೆ ಹರಡಿ ಮಸುಕಾಗುತ್ತದೆ ಅಥವಾ ಪಕ್ಕಕ್ಕೆ ಸರಿಯುತ್ತದೆ.

ಬುರುಡೆಯನ್ನು ಹೇಗೆ ದಾಟುವುದು ಎಂಬ ಪ್ರಶ್ನೆ ಧ್ವನಿಯ ಸಂಶೋಧಕರಿಗೆ ಮಾತ್ರ ಎದುರಾದದ್ದಲ್ಲ. 1974ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಾಗ ಅದರ ಸ್ಥಾಪಕ ನಿರ್ದೇಶಕರಾದ ನರಶಸ್ತ್ರಚಿಕಿತ್ಸಕ ಆರ್.ಎಂ. ವರ್ಮಾ, ಕಂಪವಾತ ಅಥವಾ ಪಾರ್ಕಿನ್ಸನ್ ಕಾಯಿಲೆಯ ನಡುಕಕ್ಕೆ ಕಾರಣವಾಗುವ ಆಳದ ಗಂಟುಗಳನ್ನು ತಲುಪಲು ಬುರುಡೆಗೆ ತೂತು ಕೊರೆಯುವ ಬದಲು ಬುರುಡೆಯ ತಳದಲ್ಲಿ ಪ್ರಕೃತಿಯೇ ಇಟ್ಟಿರುವ ಫೊರಾಮೆನ್ ಓವಲೆ ಎಂಬ ರಂಧ್ರದ ಮೂಲಕ ಸೂಜಿ ತೂರಿಸುವ ವಿಧಾನವನ್ನು ರೂಪಿಸಿದ್ದರು. ದುಬಾರಿ ಉಪಕರಣ ಬೇಡದ ಆ ವಿಧಾನಕ್ಕೆ ‘ವರ್ಮಾ ತಂತ್ರ’ ಎಂದೇ ಹೆಸರಾಯಿತು. ಬಡ ದೇಶದ ಆಸ್ಪತ್ರೆಯೊಂದು ಇದ್ದುದರಲ್ಲಿಯೇ ದಾರಿ ಹುಡುಕಿದ ಈ ಪ್ರಸಂಗ ನಮ್ಮ ವೈದ್ಯಕೀಯ ಇತಿಹಾಸದ ಬರಹಗಳಲ್ಲಿ ಸಿಗಬೇಕಾದಷ್ಟು ಜಾಗ ಪಡೆದಿಲ್ಲ.

ಧ್ವನಿಯ ಸಂಶೋಧಕರು ಬೇರೆ ಎರಡು ದಾರಿ ಹಿಡಿದರು. ಒಂದು, ನೂರಾರು ಸಣ್ಣ ಟ್ರಾನ್ಸ್‌ಡ್ಯೂಸರ್‌ಗಳನ್ನು ಶಿರಸ್ತ್ರಾಣದೊಳಗೆ ಜೋಡಿಸಿ, ರೋಗಿಯ ಬುರುಡೆಯ ಸಿ.ಟಿ. ಚಿತ್ರದ ಆಧಾರದಲ್ಲಿ ಯಾವುದು ಎಷ್ಟು ಮುಂಚೆ, ಯಾವುದು ಎಷ್ಟು ತಡವಾಗಿ ಧ್ವನಿ ಹೊರಡಿಸಬೇಕು ಎಂದು ಲೆಕ್ಕಹಾಕಿ ಎಲ್ಲ ಅಲೆಗಳೂ ಒಂದೇ ಚುಕ್ಕೆಯಲ್ಲಿ ಒಂದೇ ಹೊತ್ತಿಗೆ ಕೂಡುವಂತೆ ಮಾಡುವುದು. ಇಂಥ 1,024 ಟ್ರಾನ್ಸ್‌ಡ್ಯೂಸರ್‌ಗಳ ಯಂತ್ರವೊಂದರಿಂದ, ಎಂ.ಆರ್.ಐ. ಕಣ್ಗಾವಲಿನಲ್ಲಿ, ಕೈನಡುಕಕ್ಕೆ ಕಾರಣವಾದ ಥಲಾಮಸ್‌ನ ಒಂದು ಬಿಂದುವನ್ನು ಸುಡುವ ಚಿಕಿತ್ಸೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್.ಡಿ.ಎ. 2016ರಲ್ಲಿ ಒಪ್ಪಿಗೆ ಕೊಟ್ಟಿತು. ಇಂದ್ರಿಯಗಳಿಂದ ಬರುವ ಬಹುಪಾಲು ಸಂದೇಶಗಳು ಹಾದುಹೋಗುವ ಆಳದ ಕೇಂದ್ರವೇ ಥಲಾಮಸ್. ವರ್ಜೀನಿಯಾದ ಜೆಫ್ರಿ ಎಲಿಯಾಸ್ ಮುಂದಾಳುತನದ ಆ ಪ್ರಯೋಗದಲ್ಲಿದ್ದ 76 ರೋಗಿಗಳಲ್ಲಿ ಕೆಲವರಿಗೆ ಯಂತ್ರದೊಳಗೆ ಮಲಗಿಸಿಯೂ ಧ್ವನಿ ಹಾಯಿಸದೆ, ತೋರಿಕೆಯ ಚಿಕಿತ್ಸೆ ಮಾತ್ರ ಕೊಟ್ಟು ಹೋಲಿಸಲಾಗಿತ್ತು. ಇದು ಸುಡುವ ವಿದ್ಯೆ, ಮಿಡಿಸುವ ವಿದ್ಯೆಯಲ್ಲ. ಸುಟ್ಟದ್ದು ಮರಳಿ ಬರುವುದಿಲ್ಲ.

ಎರಡನೆಯ ದಾರಿ ಇನ್ನೂ ಸರಳ. ಚಿತ್ರ ತೆಗೆಯುವ ಸ್ಕ್ಯಾನಿಂಗ್ ಸಾಮಾನ್ಯವಾಗಿ ಸೆಕೆಂಡಿಗೆ ಹಲವು ದಶಲಕ್ಷ ಕಂಪನಗಳ ಧ್ವನಿಯನ್ನು ಬಳಸುತ್ತದೆ. ಅದನ್ನು ಐದು ಲಕ್ಷ ಕಂಪನಗಳ ಆಸುಪಾಸಿಗೆ ಇಳಿಸಿದರೆ ಬುರುಡೆ ಅಷ್ಟಾಗಿ ಅಡ್ಡಿಮಾಡುವುದಿಲ್ಲ. ಆಗ ಮೃದು ಅಂಗಾಂಶದಲ್ಲಿ ಧ್ವನಿಯ ಅಲೆಯುದ್ದ ಸುಮಾರು 3 ಮಿಲಿಮೀಟರ್ ಆಗುವುದರಿಂದ ಅದಕ್ಕಿಂತ ಬಹಳ ಸಣ್ಣ ಚುಕ್ಕೆಗೆ ಅದನ್ನು ಕೂಡಿಸಲಾಗದು. ಆದರೂ ಅಷ್ಟು ಸೂಕ್ಷ್ಮತೆ ಸಾಲದೆಂದೇನೂ ಇಲ್ಲ. ಈ ಕಡಿಮೆ ಆವರ್ತನದ, ಕಡಿಮೆ ತೀವ್ರತೆಯ, ಬಿಟ್ಟುಬಿಟ್ಟು ಬರುವ ಮಿಡಿತಗಳಿಂದ ನರಕೋಶಗಳು ಕೆರಳುತ್ತವೆ ಎಂಬುದನ್ನು ಅರಿಜೋನಾದ ವಿಲಿಯಂ ಟೈಲರ್ ಮತ್ತು ಸಂಗಡಿಗರು 2008ರಲ್ಲಿ ಇಲಿಗಳ ಮಿದುಳಿನ ಬಿಲ್ಲೆಗಳಲ್ಲಿ ತೋರಿಸಿದರು; 2010ರಲ್ಲಿ ಅದೇ ಪ್ರಯೋಗಾಲಯದ ಯೂಸುಫ್ ತುಫೈಲ್ ಮೊದಲ ಲೇಖಕರಾಗಿದ್ದ ಪ್ರಬಂಧ ಬುರುಡೆ ತೆರೆಯದ ಜೀವಂತ ಇಲಿಗಳಲ್ಲಿ ಅದನ್ನೇ ತೋರಿಸಿತು. ಚಲನೆಯನ್ನು ಆಳುವ ಭಾಗದ ಮೇಲೆ ಧ್ವನಿ ಹಾಯಿಸಿದಾಗ ಇಲಿಯ ಕಾಲುಬಾಲಗಳು ಅಲುಗಿದವು. 2014ರಲ್ಲಿ ವಿನ್ ಲೆಗಾನ್ ಮತ್ತು ಸಂಗಡಿಗರು ಮನುಷ್ಯರಲ್ಲಿ, ಕೈಯ ಸ್ಪರ್ಶವನ್ನು ಗ್ರಹಿಸುವ ಮಿದುಳ ಭಾಗಕ್ಕೆ ಧ್ವನಿ ಹಾಯಿಸಿ, ಅಲ್ಲಿನ ವಿದ್ಯುತ್ ಪ್ರತಿಕ್ರಿಯೆ ಬದಲಾಗುವುದನ್ನೂ ಸ್ಪರ್ಶದ ಸೂಕ್ಷ್ಮ ವ್ಯತ್ಯಾಸಗಳನ್ನು ಅವರು ಮೊದಲಿಗಿಂತ ಚೆನ್ನಾಗಿ ಗುರುತಿಸುವುದನ್ನೂ ವರದಿಮಾಡಿದರು.

ಈ ಫಲಿತಾಂಶಗಳಿಗೆ ಅಷ್ಟೊಂದು ಬೆಲೆ ಬಂದದ್ದಕ್ಕೆ ಕಾರಣ, ಉಳಿದ ವಿಧಾನಗಳಲ್ಲಿ ಒಂದೊಂದಕ್ಕೂ ಒಂದೊಂದು ಮಿತಿಯಿರುವುದು. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು ತೋರಿಸಿಕೊಟ್ಟ ಕಾಂತೀಯ ಪ್ರಚೋದನೆ, ಅಂದರೆ ತಲೆಯ ಬಳಿ ಸುರುಳಿ ಹಿಡಿದು ಕಾಂತಕ್ಷೇತ್ರದ ಮಿಡಿತದಿಂದ ಮಿದುಳಿನಲ್ಲಿ ವಿದ್ಯುತ್ ಹುಟ್ಟಿಸುವ ವಿಧಾನ, ಮಿದುಳಿನ ಮೇಲ್ಪದರದಲ್ಲಿ ಚೆನ್ನಾಗಿ ಕೆಲಸಮಾಡುತ್ತದೆ, ಆಳಕ್ಕೆ ಹೋದಂತೆ ಸೋಲುತ್ತದೆ. ನೆತ್ತಿಯ ಮೇಲೆ ಎರಡು ವಿದ್ಯುದ್ವಾರಗಳನ್ನಿಟ್ಟು ಕೆಲವೇ ಮಿಲಿಆಂಪಿಯರ್ ನೇರವಿದ್ಯುತ್ ಹರಿಸುವ ವಿಧಾನ ಅಗ್ಗವಾದರೂ ಅದರ ವಿದ್ಯುತ್ ಅಗಲವಾಗಿ ಹರಡಿಕೊಳ್ಳುತ್ತದೆ. ಮಿದುಳಿನೊಳಗೆ ತಂತಿ ಇಟ್ಟು ಮಾಡುವ ಆಳದ ಪ್ರಚೋದನೆ ಕಂಪವಾತದಲ್ಲಿ ಸಾವಿರಾರು ಜನರಿಗೆ ನೆರವಾಗಿದೆ, ಆದರೆ ಅದಕ್ಕೆ ಶಸ್ತ್ರಕ್ರಿಯೆ ಬೇಕು, ಹಣ ಬೇಕು, ಬ್ಯಾಟರಿ ಬದಲಿಸಲು ಮತ್ತೆ ಬರಬೇಕು. ಆಳ, ಸೂಕ್ಷ್ಮತೆ, ಕೊರೆಯದಿರುವುದು ಈ ಮೂರೂ ಒಂದೇ ಕಡೆ ಸಿಗುವ ಸಾಧ್ಯತೆ ಧ್ವನಿಯಲ್ಲಿ ಮಾತ್ರ ಕಾಣುತ್ತಿದೆ.

ಧ್ವನಿ ನರಕೋಶವನ್ನು ಹೇಗೆ ಕೆರಳಿಸುತ್ತದೆ ಎಂಬುದಕ್ಕೆ ಇಂದಿಗೂ ಒಮ್ಮತದ ಉತ್ತರವಿಲ್ಲ. ಕಡಿಮೆ ತೀವ್ರತೆಯಲ್ಲಿ ಶಾಖ ಅದಕ್ಕೆ ಕಾರಣವಾಗುವಷ್ಟು ಏರುವುದಿಲ್ಲವಾದ್ದರಿಂದ ಗಮನವೆಲ್ಲ ಒತ್ತಡದ ಕಡೆಗೆ ಹೋಗಿದೆ. ಜೀವಕೋಶದ ಹೊರಪೊರೆಯಲ್ಲಿ ವಿದ್ಯುದಂಶ ಹೊತ್ತ ಕಣಗಳು, ಅಂದರೆ ಅಯಾನುಗಳು, ಒಳಹೊರಗೆ ಹೋಗುವ ಸಣ್ಣ ದ್ವಾರಗಳಿದ್ದು, ಅವುಗಳಲ್ಲಿ ಕೆಲವು ಒತ್ತಿದಾಗ ಅಥವಾ ಎಳೆದಾಗ ತೆರೆದುಕೊಳ್ಳುತ್ತವೆ. 2010ರಲ್ಲಿ ಇಂಥ ಪೀಜೋ ದ್ವಾರಗಳನ್ನು ಪತ್ತೆಹಚ್ಚಿದ ಆರ್ಡೆಮ್ ಪಟಪೂಟಿಯನ್ 2021ರ ನೊಬೆಲ್ ಬಹುಮಾನ ಹಂಚಿಕೊಂಡರು. ಧ್ವನಿಯ ಒತ್ತಡ ಇಂಥ ದ್ವಾರಗಳನ್ನು ತೆರೆಯುತ್ತದೆ, ಅವುಗಳ ಮೂಲಕ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಅದರಿಂದ ಕೋಶ ಮಿಡಿಯುತ್ತದೆ ಎಂಬುದು ಈಗ ಹೆಚ್ಚು ಬೆಂಬಲವಿರುವ ವಿವರಣೆ. ಕ್ಯಾಲಿಫೋರ್ನಿಯಾದ ಸಾಕ್ ಸಂಸ್ಥೆಯಲ್ಲಿ ಶ್ರೀಕಾಂತ್ ಚಲಸಾನಿ ಅವರ ತಂಡ 2015ರಲ್ಲಿ ಈ ಗುಣವನ್ನೇ ಬಳಸಿಕೊಂಡು, ಒತ್ತಡಕ್ಕೆ ಸ್ಪಂದಿಸುವ ದ್ವಾರವೊಂದರ ವಂಶವಾಹಿಯನ್ನು ಸಣ್ಣ ಹುಳುವಿನ ಬೇಕಾದ ನರಕೋಶಗಳಲ್ಲಿ ನೆಲೆಗೊಳಿಸಿ, ಅವು ಮಾತ್ರ ಧ್ವನಿಗೆ ಸ್ಪಂದಿಸುವಂತೆ ಮಾಡಿತು.

ಇಲ್ಲಿಯವರೆಗಿನದು ಗೆಲುವುಗಳ ಸಾಲು. 2018ರಲ್ಲಿ ಒಂದೇ ಪತ್ರಿಕೆಯಲ್ಲಿ ಬಂದ ಎರಡು ಪ್ರಬಂಧಗಳು ಈ ಸಾಲನ್ನು ಅಲುಗಿಸಿದವು. ಮಿನಸೋಟದ ಹೂಬರ್ಟ್ ಲಿಮ್ ಅವರ ಪ್ರಯೋಗಾಲಯದಿಂದ ಹಾಂಗ್‌ಸುನ್ ಗುವೊ ಮತ್ತು ಸಂಗಡಿಗರು, ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಿಂದ ತೊಮೊಕಾಜು ಸಾತೊ ಮತ್ತು ಸಂಗಡಿಗರು, ಬೇರೆಬೇರೆಯಾಗಿ ದುಡಿದು ಒಂದೇ ತೀರ್ಮಾನಕ್ಕೆ ಬಂದಿದ್ದರು: ದಂಶಕಗಳ ಮಿದುಳಿಗೆ ಧ್ವನಿ ಹಾಯಿಸಿದಾಗ ಎದ್ದ ಚಟುವಟಿಕೆಯ ದೊಡ್ಡ ಪಾಲು ಧ್ವನಿ ಮಿದುಳನ್ನು ನೇರವಾಗಿ ಮುಟ್ಟಿದ್ದರಿಂದ ಬಂದದ್ದಲ್ಲ, ಪ್ರಾಣಿಗೆ ಆ ಧ್ವನಿ ಕೇಳಿಸಿದ್ದರಿಂದ ಬಂದದ್ದು. ಕಿವಿಯ ನರವನ್ನು ಕತ್ತರಿಸಿದಾಗ ಅಥವಾ ಒಳಕಿವಿಯ ದ್ರವವನ್ನು ತೆಗೆದಾಗ ಮಿದುಳಿನ ಆ ಚಟುವಟಿಕೆ ಬಹುಮಟ್ಟಿಗೆ ಮಾಯವಾಯಿತು. ಶ್ರವಣಾತೀತವಾದದ್ದು ಕೇಳಿಸುವುದು ಹೇಗೆ ಎಂಬ ಪ್ರಶ್ನೆ ಸಹಜ. ಧ್ವನಿ ನಿರಂತರವಾಗಿ ಹರಿಯದೆ ಸೆಕೆಂಡಿಗೆ ನೂರಾರು ಅಥವಾ ಸಾವಿರ ಸಲ ಬಿಟ್ಟುಬಿಟ್ಟು ಬರುವುದರಿಂದ, ಅದು ಪ್ರತಿ ಸಲ ಥಟ್ಟನೆ ಆರಂಭವಾಗಿ ಥಟ್ಟನೆ ನಿಲ್ಲುವಾಗ ಎಲುಬು ಮತ್ತು ಅಂಗಾಂಶಗಳು ಅದುರಿ, ಆ ಅದುರು ಕಿವಿಗೆ ಕೇಳಿಸುವ ಆವರ್ತನದಲ್ಲಿಯೇ ಒಳಕಿವಿಯನ್ನು ತಲುಪುತ್ತದೆ. ಹೀಗಾದರೆ, ಕಾಲು ಆಡಿಸಿದ ಇಲಿ ಚಲನೆಯ ಕೇಂದ್ರ ಮಿಡಿದದ್ದರಿಂದ ಆಡಿಸಿತೋ, ಬೆಚ್ಚಿಬಿದ್ದು ಆಡಿಸಿತೋ ಎಂಬ ಸಂದೇಹಕ್ಕೆ ಜಾಗವಾಗುತ್ತದೆ.

ಈ ಎರಡು ಪ್ರಬಂಧಗಳು ಹಲವರ ನಿದ್ದೆಗೆಡಿಸಿದವು. ಆದರೆ ಕ್ಷೇತ್ರಕ್ಕೆ ಆದ ಅತಿ ದೊಡ್ಡ ಉಪಕಾರವೂ ಅವುಗಳಿಂದಲೇ ಆಯಿತು ಎನ್ನಬೇಕು. ಎರಡರಲ್ಲಿಯೂ ಮೊದಲ ಹೆಸರು ಪ್ರಯೋಗಾಲಯದ ಮುಖ್ಯಸ್ಥರದಲ್ಲ. ತಾವು ನಂಬಿ ಕೈಹಾಕಿದ ವಿದ್ಯೆಯ ಬುಡವನ್ನೇ ಅಲುಗಾಡಿಸುವ ಫಲಿತಾಂಶ ಕೈಗೆ ಬಂದಾಗ ಅದನ್ನು ಮುಚ್ಚಿಡದೆ ಪ್ರಕಟಿಸುವುದಕ್ಕೆ, ಮುಂದಿನ ಉದ್ಯೋಗ ಇನ್ನೂ ನಿಶ್ಚಯವಾಗದ ವಯಸ್ಸಿನಲ್ಲಿ, ಒಂದು ಬಗೆಯ ಎದೆಗಾರಿಕೆ ಬೇಕಾಗುತ್ತದೆ. ಆಮೇಲಿನ ಸಂಶೋಧಕರು ಮಿಡಿತವನ್ನು ಥಟ್ಟನೆ ಆರಂಭಿಸದೆ ನಿಧಾನವಾಗಿ ಏರಿಸಿ ಇಳಿಸುವುದನ್ನು, ಕಿವಿಗೆ ಹೆಡ್‌ಫೋನ್ ಹಾಕಿ ಬೇರೊಂದು ಸದ್ದು ಕೇಳಿಸುವುದನ್ನು, ಹುಟ್ಟು ಕಿವುಡ ಪ್ರಾಣಿಗಳಲ್ಲಿ ಪರೀಕ್ಷಿಸುವುದನ್ನು, ಗುರಿಯಿಂದ ಸ್ವಲ್ಪ ದೂರದ ಭಾಗಕ್ಕೆ ಅಷ್ಟೇ ಧ್ವನಿ ಹಾಯಿಸಿ ಹೋಲಿಸುವುದನ್ನು ರೂಢಿಗೆ ತಂದರು. ಇಷ್ಟೆಲ್ಲ ಮಾಡಿದ ಮೇಲೂ ಪರಿಣಾಮ ಪೂರ್ತಿ ಮಾಯವಾಗಲಿಲ್ಲ ಎಂಬುದು ಈ ವಿದ್ಯೆಯ ಪರವಾಗಿರುವ ದೊಡ್ಡ ವಾದ. 2019ರಲ್ಲಿ ಆಕ್ಸ್‌ಫರ್ಡ್‌ನ ತಂಡ ಮಂಗಗಳ ಮಿದುಳಿನ ಭಾಗಗಳಿಗೆ ಕೇವಲ 40 ಸೆಕೆಂಡು ಧ್ವನಿ ಹಾಯಿಸಿ, ಅದು ನಿಂತ ಮೇಲೆಯೂ ಒಂದು ಗಂಟೆಗೂ ಹೆಚ್ಚು ಹೊತ್ತು ಆ ಭಾಗದ ಸಂಪರ್ಕಗಳಲ್ಲಿ ವ್ಯತ್ಯಾಸ ಉಳಿಯುವುದನ್ನು ಎಂ.ಆರ್.ಐ. ಮೂಲಕ ಕಂಡಿತು, ಧ್ವನಿಯೇ ಇಲ್ಲದ ಹೊತ್ತಿನಲ್ಲಿ ಉಳಿದ ಬದಲಾವಣೆಯನ್ನು ಕೇಳಿಸಿದ ಸದ್ದಿನ ಲೆಕ್ಕಕ್ಕೆ ಹಾಕುವುದು ಸುಲಭವಲ್ಲ. 2025ರಲ್ಲಿ ಲಂಡನ್ ಮತ್ತು ಆಕ್ಸ್‌ಫರ್ಡ್‌ನ ವಿಜ್ಞಾನಿಗಳು 256 ಟ್ರಾನ್ಸ್‌ಡ್ಯೂಸರ್‌ಗಳ ಶಿರಸ್ತ್ರಾಣವೊಂದನ್ನು ವರದಿಮಾಡಿದರು. ಮನುಷ್ಯರಲ್ಲಿ ಅವರು ಗುರಿಯಾಗಿ ಆರಿಸಿಕೊಂಡದ್ದು 1958ರಲ್ಲಿ ಫ್ರೈ ಅವರ ತಂಡ ಬೆಕ್ಕಿನಲ್ಲಿ ಆರಿಸಿಕೊಂಡಿದ್ದ ಅದೇ ದೃಷ್ಟಿಕೇಂದ್ರ. ನಡುವೆ ಎಲುಬು ತೆಗೆಯುವ ಅಗತ್ಯವೊಂದು ಇಲ್ಲವಾಗಿತ್ತು.

ಸುರಕ್ಷತೆಯ ಮಾತು ಪ್ರತ್ಯೇಕವಾದದ್ದು. ಅಲ್ಟ್ರಾಸೌಂಡ್‌ನಿಂದ ಎರಡು ಬಗೆಯ ಹಾನಿಯಾಗಬಹುದು: ಅಂಗಾಂಶ ಬಿಸಿಯಾಗುವುದು, ಮತ್ತು ಒತ್ತಡದ ಏರಿಳಿತದಿಂದ ದ್ರವದಲ್ಲಿ ಗುಳ್ಳೆಗಳೆದ್ದು ಒಡೆದು ಸುತ್ತಲಿನ ಕೋಶಗಳನ್ನು ಹರಿಯುವುದು. ಎರಡನೆಯ ಅಪಾಯವನ್ನು ಅಳೆಯಲು ಯಾಂತ್ರಿಕ ಸೂಚ್ಯಂಕ ಎಂಬ ಅಂಕಿಯಿದ್ದು ಸ್ಕ್ಯಾನಿಂಗ್ ಯಂತ್ರಗಳಲ್ಲಿ ಅದು 1.9 ಮೀರುವಂತಿಲ್ಲ. ಮಿದುಳ ಪ್ರಚೋದನೆಯ ಸಂಶೋಧಕರ ಅಂತಾರಾಷ್ಟ್ರೀಯ ಕೂಟವೊಂದು ಇದೇ ಮಿತಿಯನ್ನು ಒಪ್ಪಿಕೊಂಡು, ಜೊತೆಗೆ ಅಂಗಾಂಶದ ಉಷ್ಣತೆ 2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಏರಬಾರದು ಎಂಬ ಸಲಹೆಯನ್ನು ಮುಂದಿಟ್ಟಿದೆ.

ಇನ್ನು ಕರ್ನಾಟಕದ ಮಟ್ಟಿಗೆ. ಮಿದುಳನ್ನು ಹೊರಗಿನಿಂದ ಪ್ರಚೋದಿಸುವ ವಿದ್ಯೆ ಬೆಂಗಳೂರಿಗೆ ಹೊಸದಲ್ಲ, ಅದರಲ್ಲಿಯೂ ಅತಿ ಕಠಿಣವಾದ ತೋರಿಕೆಯ ಚಿಕಿತ್ಸೆಯ ಶಿಸ್ತು ಹೊಸದಲ್ಲ. ನಿಮ್ಹಾನ್ಸ್‌ನಲ್ಲಿ ಮನೋವೈದ್ಯ ಗಣೇಶನ್ ವೆಂಕಟಸುಬ್ರಮಣಿಯನ್ ಅವರ ತಂಡ, ಸ್ಕಿಜೋಫ್ರೇನಿಯಾ ಇರುವವರಲ್ಲಿ ಔಷಧಿಗೂ ಬಗ್ಗದೆ ಉಳಿಯುವ ಶ್ರವಣಭ್ರಮೆಗಳಿಗೆ, ಅಂದರೆ ಯಾರೂ ಇಲ್ಲದಿದ್ದರೂ ಕೇಳಿಸುವ ದನಿಗಳಿಗೆ, ನೆತ್ತಿಯ ಮೇಲಿನಿಂದ ನೇರವಿದ್ಯುತ್ ಹರಿಸುವ ಚಿಕಿತ್ಸೆಯನ್ನು ವರ್ಷಗಟ್ಟಲೆ ಪರೀಕ್ಷಿಸಿದೆ. ಅವರಿಗೆ 2018ರ ಶಾಂತಿಸ್ವರೂಪ್ ಭಟ್ನಾಗರ್ ಪುರಸ್ಕಾರ ಸಂದಿತು. ಅಲ್ಲಿಯ ಪ್ರಬಂಧಗಳಲ್ಲಿ ಅನುಶ್ರೀ ಬೋಸ್ ಅವರಂಥ ಕಿರಿಯ ಸಂಶೋಧಕರ ಹೆಸರುಗಳು ಮುಂಚೂಣಿಯಲ್ಲಿವೆ. ತೋರಿಕೆಯ ಚಿಕಿತ್ಸೆಯಲ್ಲಿ ವಿದ್ಯುತ್ತನ್ನು ಕೆಲವು ಸೆಕೆಂಡು ಮಾತ್ರ ಹರಿಸಿ, ನೆತ್ತಿಯ ತುರಿಕೆಯಿಂದ ರೋಗಿಗೆ ಎರಡೂ ಒಂದೇ ಎನಿಸುವಂತೆ ಮಾಡಿ ನಿಲ್ಲಿಸುವುದು ಆ ವಿದ್ಯೆಯ ರೂಢಿ. ವಿದ್ಯುತ್ತಿನಲ್ಲಿ ತುರಿಕೆ ಮಾಡುವ ಮೋಸವನ್ನು ಅಲ್ಟ್ರಾಸೌಂಡ್‌ನಲ್ಲಿ ಸದ್ದು ಮಾಡುವುದರಿಂದ, ಒಂದರ ಪಾಠ ಇನ್ನೊಂದಕ್ಕೆ ಹೆಚ್ಚು ಬದಲಾವಣೆಯಿಲ್ಲದೆ ಹೊಂದುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರವಿದೆ, ಮಿದುಳು ಸಂಶೋಧನಾ ಕೇಂದ್ರವೂ ಇದೆ. ಎರಡನೆಯದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗರ ಮಿದುಳು ವಯಸ್ಸಾದಂತೆ ಹೇಗೆ ಬದಲಾಗುತ್ತದೆ ಎಂಬುದನ್ನು ದೀರ್ಘಕಾಲ ಹಿಂಬಾಲಿಸಿ ನೋಡುವ ದೊಡ್ಡ ಅಧ್ಯಯನ ನಡೆಸುತ್ತಿದೆ. ಹಳ್ಳಿಯ ಜನ ಮಿದುಳಿನ ಸಂಶೋಧನೆಯ ಲೆಕ್ಕಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ.

ಅಲ್ಟ್ರಾಸೌಂಡ್‌ನ ವಿಷಯದಲ್ಲಿ ಕಿರಿಯ ಸಂಶೋಧಕರಿಗೆ ಇಲ್ಲಿ ತೆರೆದಿರುವ ಕೆಲಸಗಳಲ್ಲಿ ಒಂದಕ್ಕೆ ಕೋಟಿ ರೂಪಾಯಿಯ ಯಂತ್ರವೇ ಬೇಡ. ಒಂದೊಂದು ಬುರುಡೆ ಧ್ವನಿಯನ್ನು ಒಂದೊಂದು ಪ್ರಮಾಣದಲ್ಲಿ ಒಳಬಿಡುತ್ತದೆ. ಎಲುಬಿನ ಒಳಪದರದ ಸ್ಪಂಜಿನಂಥ ಭಾಗಕ್ಕೂ ಹೊರಪದರದ ಗಟ್ಟಿ ಭಾಗಕ್ಕೂ ಇರುವ ಸಾಂದ್ರತೆಯ ಅನುಪಾತವನ್ನು ಸಿ.ಟಿ. ಚಿತ್ರದಿಂದ ಲೆಕ್ಕಹಾಕಿದರೆ ಅದನ್ನು ಮೊದಲೇ ಅಂದಾಜು ಮಾಡಬಹುದು. ನಡುಕದ ಚಿಕಿತ್ಸೆಯಲ್ಲಿ ಈ ಅನುಪಾತ 0.4ಕ್ಕಿಂತ ಕಡಿಮೆಯಿದ್ದವರಿಗೆ ಬೇಕಾದಷ್ಟು ಶಾಖ ಮುಟ್ಟಿಸುವುದು ಕಷ್ಟವೆಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಬುರುಡೆಯೊಳಗೆ ಧ್ವನಿ ಹೇಗೆ ಸಾಗುತ್ತದೆ ಎಂಬುದನ್ನು ಲೆಕ್ಕಹಾಕುವ ಕೆ-ವೇವ್ ಎಂಬ ತಂತ್ರಾಂಶವನ್ನು ಲಂಡನ್ನಿನ ಬ್ರಾಡ್ಲಿ ಟ್ರೀಬಿ ಮತ್ತು ಬೆನ್ ಕಾಕ್ಸ್ 2010ರಿಂದ ಉಚಿತವಾಗಿ ಕೊಡುತ್ತಿದ್ದಾರೆ. ಕಲಬುರಗಿಯ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜಿನಂಥ ಕಡೆಯ ವಿದ್ಯಾರ್ಥಿಯೊಬ್ಬರು, ನೀತಿ ಸಮಿತಿಯ ಒಪ್ಪಿಗೆಯೊಂದಿಗೆ, ಹೆಸರು ಅಳಿಸಿದ ಸಿ.ಟಿ. ಚಿತ್ರಗಳನ್ನು ವೈದ್ಯಕೀಯ ಕಾಲೇಜಿನಿಂದ ಪಡೆದು, ಈ ಭಾಗದ ಜನರ ಬುರುಡೆಗಳಲ್ಲಿ ಧ್ವನಿ ಎಷ್ಟು ದಾಟುತ್ತದೆ ಎಂಬ ಲೆಕ್ಕವನ್ನು ಹಾಸ್ಟೆಲಿನ ಕೋಣೆಯಲ್ಲಿ ಕೂತು ಆರಂಭಿಸಲು ಅಡ್ಡಿಯೇನೂ ಇಲ್ಲ.

ಯಂತ್ರ ಕೊಳ್ಳುವ ಹಂತಕ್ಕೆ ಬಂದಾಗ ಅಡ್ಡಿಗಳು ಮೊದಲಾಗುತ್ತವೆ. ಪ್ರತಿ ಸ್ಕ್ಯಾನಿಂಗ್ ಕೇಂದ್ರದ ಬಾಗಿಲಲ್ಲಿ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕವಿರುವುದಕ್ಕೆ ಕಾರಣವಾದ 1994ರ ಕಾಯ್ದೆಯ ಪ್ರಕಾರ, ಅಲ್ಟ್ರಾಸೌಂಡ್ ಯಂತ್ರವನ್ನಾಗಲಿ ಭ್ರೂಣದ ಲಿಂಗ ಪತ್ತೆಮಾಡಬಲ್ಲ ಬೇರೆ ಉಪಕರಣವನ್ನಾಗಲಿ ನೋಂದಣಿಯಿಲ್ಲದವರಿಗೆ ಮಾರುವಂತಿಲ್ಲ. ಹೆಣ್ಣುಮಕ್ಕಳ ಸಂಖ್ಯೆ ಕುಸಿದ ದೇಶದಲ್ಲಿ ಈ ಕಾಯ್ದೆಯನ್ನು ಸಡಿಲಿಸಿ ಎಂದು ಕೇಳುವುದು ವಿವೇಕವಲ್ಲ; ಮಿದುಳಿನ ಸಂಶೋಧನೆಗೆ ಚಿತ್ರ ತೆಗೆಯುವ ಯಂತ್ರವೂ ಬೇಕಾದವರು ಜಿಲ್ಲೆಯ ಸಕ್ಷಮ ಪ್ರಾಧಿಕಾರದೊಡನೆ ಮೊದಲೇ ಮಾತಾಡಿ ನೋಂದಣಿಯ ದಾರಿಯನ್ನು ತಿಳಿದುಕೊಳ್ಳುವುದು ಒಳ್ಳೆಯದು. ಹಣದ ಮಟ್ಟಿಗೆ, 2023ರ ಜನವರಿಯಿಂದ ಕಿರಿಯ ಸಂಶೋಧನಾ ಫೆಲೋಗಳಿಗೆ ತಿಂಗಳಿಗೆ 37,000 ರೂಪಾಯಿ, ಹಿರಿಯ ಫೆಲೋಗಳಿಗೆ 42,000 ರೂಪಾಯಿ ನಿಗದಿಯಾಗಿದ್ದು, ಹೊಸ ಅಧ್ಯಾಪಕರಿಗೆ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ, ಜೀವವೈದ್ಯಕೀಯ ಸಂಶೋಧಕರಿಗೆ 2008ರಿಂದ ನಡೆಯುತ್ತಿರುವ ಡಿಬಿಟಿ–ವೆಲ್‌ಕಮ್ ಇಂಡಿಯಾ ಅಲಯನ್ಸ್ ಅನುದಾನ ಕೊಡುತ್ತವೆ. ಆದರೆ ಭೌತವಿಜ್ಞಾನ, ಇಲೆಕ್ಟ್ರಾನಿಕ್ಸ್, ನರವಿಜ್ಞಾನ, ಮನೋವೈದ್ಯಶಾಸ್ತ್ರ ಈ ನಾಲ್ಕೂ ಸೇರಬೇಕಾದ ವಿಷಯಕ್ಕೆ ಮೂರು ವರ್ಷದ ಅನುದಾನದಲ್ಲಿ ಮೊದಲ ವರ್ಷ ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಥವಾಗುವುದರಲ್ಲಿಯೇ ಕಳೆದುಹೋಗುತ್ತದೆ ಎಂಬುದನ್ನು ಹಣ ಕೊಡುವವರು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಈ ವಿದ್ಯೆ ಯಾರಿಗಾಗಿ ಎಂಬ ಪ್ರಶ್ನೆಯನ್ನು ಬೆಂಗಳೂರಿನಿಂದ ಅಲ್ಲದೆ ಯಾದಗಿರಿ ತಾಲ್ಲೂಕಿನ ಮುದನಾಳದಂಥ ಊರಿನಿಂದ ಕೇಳಿದರೆ ಉತ್ತರದ ಸ್ವರೂಪ ಬದಲಾಗುತ್ತದೆ. ಖಿನ್ನತೆಗೆ ಈಗಾಗಲೇ ಒಪ್ಪಿತವಾಗಿರುವ ಕಾಂತೀಯ ಪ್ರಚೋದನೆಯನ್ನು ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಕೊಡಬೇಕಾಗುತ್ತದೆ. ತೊಗರಿ, ಹತ್ತಿಯ ಹೊಲದಲ್ಲಿ ಕೂಲಿ ಮಾಡುವ ಅಥವಾ ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವ ಕುಟುಂಬಕ್ಕೆ, ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕೂತು ಬೆಂಗಳೂರಿಗೆ ಹೋಗಿ ಆರು ವಾರ ತಂಗುವುದು ಚಿಕಿತ್ಸೆಯ ಶುಲ್ಕಕ್ಕಿಂತ ದೊಡ್ಡ ಹೊರೆ. ದುಡಿದರೆ ಕೂಲಿ, ದುಡಿಯದಿದ್ದರೆ ಇಲ್ಲ ಎಂಬ ಬದುಕಿನಲ್ಲಿ ಜೊತೆಗೆ ಹೋಗುವವರ ಕೂಲಿಯೂ ಹೋಗುತ್ತದೆ. ಒಂದು ಸಲದ ಧ್ವನಿಯ ಪರಿಣಾಮ ಗಂಟೆಗಳಲ್ಲ, ವಾರಗಳಷ್ಟು ಉಳಿಯುವಂತಾದರೆ, ಮತ್ತು ಯಂತ್ರ ಎಂ.ಆರ್.ಐ. ಕೋಣೆಯ ಹಂಗಿಲ್ಲದೆ ಜಿಲ್ಲಾಸ್ಪತ್ರೆಯ ಮೇಜಿನ ಮೇಲೆ ಕೂರುವಷ್ಟು ಸಣ್ಣದಾದರೆ, ಆಗ ಮಾತ್ರ ಈ ವಿದ್ಯೆ ಯಾದಗಿರಿಗೆ ಬಂತೆಂದು ಹೇಳಬಹುದು. 2010ರಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಜಿಲ್ಲೆಯಾದ ಯಾದಗಿರಿಗೆ ಈಗ ತನ್ನದೇ ವೈದ್ಯಕೀಯ ಕಾಲೇಜು ಇದೆ. ಅಲ್ಲಿಯ ವಿದ್ಯಾರ್ಥಿಗಳು ಈ ಎರಡು ಷರತ್ತುಗಳನ್ನು ಸಂಶೋಧನೆಯ ಪ್ರಶ್ನೆಗಳೆಂದೇ ತೆಗೆದುಕೊಳ್ಳಬಹುದು, ಏಕೆಂದರೆ ದೊಡ್ಡ ನಗರಗಳ ಪ್ರಯೋಗಾಲಯಗಳಿಗೆ ಇವು ತುರ್ತಿನ ಪ್ರಶ್ನೆಗಳಲ್ಲ.

ಅಲ್ಲಿಯವರೆಗೆ ಒಂದು ಎಚ್ಚರ ಬೇಕು. ಬುರುಡೆಯ ಮೂಲಕ ಹಾಯಿಸುವ ಕಡಿಮೆ ತೀವ್ರತೆಯ ಅಲ್ಟ್ರಾಸೌಂಡ್ ಖಿನ್ನತೆಗಾಗಲಿ, ಆತಂಕಕ್ಕಾಗಲಿ, ಮರೆವಿಗಾಗಲಿ, ಲಕ್ವಕ್ಕಾಗಲಿ ಇನ್ನೂ ಸ್ಥಾಪಿತ ಚಿಕಿತ್ಸೆಯಾಗಿಲ್ಲ. ಅದು ಸಂಶೋಧನೆಯ ಹಂತದಲ್ಲಿದೆ, ಮತ್ತು ಸಂಶೋಧನೆಯಲ್ಲಿ ಪಾಲ್ಗೊಳ್ಳುವವರಿಂದ ಅದರ ಶುಲ್ಕ ಪಡೆಯುವ ಕ್ರಮವಿಲ್ಲ. ಹಣ ಪಡೆದು ಮಿದುಳಿಗೆ ಅಲ್ಟ್ರಾಸೌಂಡ್ ಕೊಡುತ್ತೇವೆ ಎನ್ನುವವರು ಯಾರೇ ಇದ್ದರೂ ಅವರ ನೀತಿ ಸಮಿತಿಯ ಒಪ್ಪಿಗೆಯನ್ನೂ ಭಾರತದ ವೈದ್ಯಕೀಯ ಪ್ರಯೋಗಗಳ ನೋಂದಣಿ ಸಂಖ್ಯೆಯನ್ನೂ ಕೇಳುವ ಹಕ್ಕು ರೋಗಿಗೆ ಮತ್ತು ಮನೆಯವರಿಗೆ ಇದೆ. ಮನಸ್ಸಿನ ಕಾಯಿಲೆಗೆ ಇಂದೇ ನೆರವು ಬೇಕಾದವರು 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು, ಹಗಲು ರಾತ್ರಿ ಎನ್ನದೆ ಉತ್ತರಿಸುತ್ತಾರೆ.